ಕರಿಯನ ಮೇಲೆ ಒಂದು ಲೋಟ ನೀರು

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಖರೀದಿಯಮ್ಮ ಎಂದೇ ಕರೆಯುತ್ತಿದ್ದರು. ಅಂಟಿನ ಪೀಪಾಯಿಯಿಂದ ಹಿಡಿದು ಮ್ಯಾನೇಜರರ ಕುರ್ಚಿಯ ಚಕ್ರದವರೆಗೆ, ಒಳಗೆ ಬರುವ ಪ್ರತಿ ವಸ್ತುವೂ ಅವಳ ಕೈ ದಾಟಿಯೇ ಬರಬೇಕು. ಅದರಲ್ಲೂ ಲ್ಯಾಪ್‌ಟಾಪ್ ಕೊಳ್ಳುವಾಗ ಅವಳು ನಡೆಸುತ್ತಿದ್ದ ಪರೀಕ್ಷೆಯನ್ನು ಡೀಲರುಗಳೆಲ್ಲ ಬಲ್ಲರು. ಕಂಪನಿಗೊಂದರಂತೆ ಸ್ಯಾಂಪಲ್ ತರಿಸಿಕೊಳ್ಳುವುದು. ಕೆಲವು ದಿನ ಅದನ್ನು ಮೆಷಿನ್ನುಗಳ ಮಧ್ಯೆ ಓಡಾಡುವವರ ಕೈಗೆ ಕೊಟ್ಟು ಧೂಳು ಕುಡಿಸುವುದು. ಆಮೇಲೆ ಮೇಜಿನ ಅಂಚಿನಿಂದ ಬೀಳಿಸುವುದು. ಕೊನೆಗೆ, ಆನ್ ಇರುವಾಗಲೇ, ಕೀಬೋರ್ಡಿನ ಮೇಲೆ ಒಂದು ಲೋಟ ನೀರು ಸುರಿಯುವುದು. ಅಲ್ಲಿಯ ಜನ ಅಂಟು, ಆವಿ, ಚಹಾದ ಲೋಟಗಳ ನಡುವೆ ಕೆಲಸ ಮಾಡುವವರು. ಇವತ್ತಲ್ಲ ನಾಳೆ ಯಾರಾದರೂ ಏನಾದರೂ ಚೆಲ್ಲಿಯೇ ಚೆಲ್ಲುತ್ತಾರೆ. ಹೇಗೂ ಚೆಲ್ಲುವುದಾದರೆ ನಾನೇ ಮೊದಲು ಚೆಲ್ಲಿ ನೋಡಿಬಿಡುತ್ತೇನೆ ಎನ್ನುವುದು ಅವಳ ವಾದ. ಬದುಕಿದ ಕಂಪನಿಗೆ ಆರ್ಡರು, ಸತ್ತ ಸ್ಯಾಂಪಲ್ಲು ಡೀಲರನ ಕರ್ಮ.

ಇದನ್ನು ನೋಡಿದವರು ಅವಳನ್ನು ಗಟ್ಟಿಗಿತ್ತಿ ಎಂದುಕೊಳ್ಳುತ್ತಿದ್ದರು. ಎಲ್ಲಿಯ ಗಟ್ಟಿಗಿತ್ತಿ! ಹುಟ್ಟಾ ಹೆದರುಪುಕ್ಕಲಿ. ಬೀಗ ಹಾಕಿದ ಬಾಗಿಲನ್ನು ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ಬಂದು ಎಳೆದು ನೋಡುವವಳು. ಫೋನು ರಿಂಗಾದರೆ ಮೊದಲು ಕೆಟ್ಟ ಸುದ್ದಿಯನ್ನೇ ನೆನೆಸಿಕೊಂಡು ಆಮೇಲೆ ಹಲೋ ಎನ್ನುವವಳು. ಆ ಪರೀಕ್ಷೆಗಳೂ ಅಷ್ಟೆ: ಕೆಡುವುದು ಎಂದೋ ಒಂದು ದಿನ ಕೆಡುತ್ತದೆ ಎಂದು ಕಾಯುತ್ತ ಕೂರಲು ಅವಳಿಗೆ ಆಗುತ್ತಿರಲಿಲ್ಲ.

ಅವಳ ಗಂಡ ಇದಕ್ಕೆ ಪೂರಾ ಉಲ್ಟಾ. ತರಕಾರಿಯ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವನ ಕೆಲಸ. ಲಾರಿಗಳ ಗದ್ದಲ, ತಳ್ಳುಗಾಡಿಗಳ ಕಿರುಚಾಟ, ನೂರಾರು ಜನರ ಬೈಗುಳ, ಎಲ್ಲದರ ಮೇಲೆ ಅವನ ದನಿ ಏಳುತ್ತಿತ್ತು. ಅಲ್ಲಿ ಅವನಿಗೆ ಮೈಕು ಎಂದೇ ಹೆಸರು. ಮನೆಯಲ್ಲಿ ಪಿಸುಗುಟ್ಟಿದರೂ ಪಕ್ಕದ ಮನೆಯವರು ಉತ್ತರ ಕೊಡುವಷ್ಟು ಗಂಟಲು. ಅವಳು ಏನಕ್ಕೇ ಗಾಬರಿಯಾಗಲಿ, ಅವನ ಬಳಿ ಒಂದೇ ಮದ್ದು: ‘ಹೆದರಬೇಡ್ವೇ. ನಾನಿದ್ದೀನಲ್ಲ.’ ಗ್ಯಾಸ್ ವಾಸನೆ ಬಂದರೂ ಅದೇ, ಹಲ್ಲು ನೋವಾದರೂ ಅದೇ. ಎಷ್ಟೋ ಸಲ ಆ ಮಾತಿಗೇ ಅವಳಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ‘ನೀವಿದ್ರೆ ಹಲ್ಲು ನೋವು ಹೋಗುತ್ತಾ?’ ಎಂದು ರೇಗುತ್ತಿದ್ದಳು. ಆದರೂ ಆ ಮಾತು ಕೇಳದೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಅಂಥ ಗಂಟಲೊಳಗೆ ಗಂಟು ಬಂತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಸರ್ಜನ್ ಇಬ್ಬರನ್ನೂ ಕೂರಿಸಿಕೊಂಡು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ, ಜೀವಕ್ಕೆ ಆಗ ಭಯವಿಲ್ಲ, ಆದರೆ ಮಾತು ಹೋಗುತ್ತದೆ ಎಂದರು. ಅವಳು ಕುರ್ಚಿಯ ಕೈ ಹಿಡಿದುಕೊಂಡಳು. ಅವನು ಮಾತ್ರ ಸರ್ಜನ್‌ಗೇ ಸಮಾಧಾನ ಹೇಳುವವನ ಹಾಗೆ, ‘ಆಯ್ತು ಬಿಡಿ ಡಾಕ್ಟ್ರೇ, ಇಷ್ಟು ದಿನ ಕೂಗಿದ್ದೇ ಸಾಕು’ ಎಂದ.

ಮುಂದಿನ ದಾರಿ ತೋರಿಸಿದ್ದು ಅದೇ ಆಸ್ಪತ್ರೆಯ ಮಾತಿನ ಡಾಕ್ಟರಮ್ಮ. ಗಂಟಲು ಹೋಗುವವರಿಗೆ ಹೇಗೆ ಬದುಕುವುದೆಂದು ಕಲಿಸುವುದು ಆಕೆಯ ಕೆಲಸ. ದನಿ ಚೆನ್ನಾಗಿರುವಾಗಲೇ ದಿನಬಳಕೆಯ ಮಾತುಗಳನ್ನು ಒಂದೊಂದಾಗಿ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಆಮೇಲೆ ಬೇಕಾದ ಮಾತನ್ನು ಒತ್ತಿದರೆ ನಿಮ್ಮ ದನಿಯಲ್ಲೇ ಅದು ಮಾತಾಡುತ್ತದೆ ಎಂದು ಆಕೆ ಹೇಳಿದಳು.

‘ಯಾವ ಮಾತು ಮೇಡಂ?’ ಎಂದ ಅವನು.

‘ನೀರು ಬೇಕು, ನೋವಾಗ್ತಿದೆ, ಕಿಟಕಿ ತೆಗಿ, ಈ ಥರ. ಮನೆಯವರನ್ನ ಕರೆಯೋದು. ಜೋಕು ಮಾಡ್ತೀರಲ್ಲ, ಅದೂ ಇರಲಿ. ಮತ್ತೆ, ನನಗೆ ಹೆದರಿಕೆ ಆಗ್ತಿದೆ ಅನ್ನೋದನ್ನ ಮರೀಬೇಡಿ. ಎಲ್ಲರೂ ಅದನ್ನೇ ಬಿಟ್ಟುಬಿಡ್ತಾರೆ, ಆಮೇಲೆ ಬೇಕಾದಾಗ ಇರಲ್ಲ.’

ಅವನು ಗೋಡೆ ನಡುಗುವಂತೆ ನಕ್ಕ. ‘ಅದು ನನಗೆ ಬೇಕಾಗಲ್ಲ ಬಿಡಿ. ಅದು ಇವಳ ಖಾತೆ!’

ಡಾಕ್ಟರಮ್ಮ ನಗಲಿಲ್ಲ. ಖರೀದಿಯಮ್ಮನೂ ನಗಲಿಲ್ಲ. ಅವಳ ತಲೆಯಲ್ಲಿ ಆಗಲೇ ಹುಳ ಹೊಕ್ಕಾಗಿತ್ತು. ಗಂಡನ ದನಿ ಇನ್ನು ಮುಂದೆ ಒಂದು ಯಂತ್ರದೊಳಗೆ ಇರುತ್ತದೆ. ಯಂತ್ರ ಎಂದರೆ ಬೀಳುತ್ತದೆ, ನೆನೆಯುತ್ತದೆ, ಕೆಡುತ್ತದೆ. ಹಾಗಾದರೆ ಯಾವ ಕಂಪನಿಯದು?

ಕಾರ್ಖಾನೆಗೂ ಆಗ ಲ್ಯಾಪ್‌ಟಾಪ್ ಬೇಕಾಗಿತ್ತು. ಎರಡು ದೊಡ್ಡ ಕಂಪನಿಗಳ ಸ್ಯಾಂಪಲ್ಲು ಬಂದು ಕೂತಿದ್ದವು. ಡೀಲರನ್ನು ಕೇಳಿಯೇ ಅವಳು ಎರಡನ್ನೂ ಮನೆಗೆ ತಂದಳು. ಒಂದು ದಪ್ಪ, ಮಂಕು ಕಪ್ಪು, ಹೊಲದಲ್ಲಿ ದುಡಿದು ಬಂದ ಎತ್ತಿನ ಹಾಗೆ ಕಾಲೂರಿ ಕೂರುವಂಥದು. ಇನ್ನೊಂದು ತೆಳ್ಳಗೆ, ಲೋಹದ ಮೈ, ಒಂದೇ ಕೈಯಲ್ಲಿ ಎತ್ತಿಕೊಂಡು ಓಡಬಹುದು. ಮೈಕು ನೋಡಿದವನೇ ಅವಕ್ಕೆ ಕರಿಯ, ಬೆಳ್ಳಿ ಎಂದು ಹೆಸರಿಟ್ಟ.

ಅವನ ತಂಗಿ, ಹೂವಿನ ಅಂಗಡಿಯವಳು, ಬೆಳ್ಳಿಯ ಪಕ್ಷ. ಸದಾ ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡೇ ಇರುವ ಹುಡುಗಿ. ಯಾರಾದರೂ ಮಾತಾಡಿಸಿದರೆ ಒಂದು ಕಿವಿಯದನ್ನು ಮಾತ್ರ ತೆಗೆಯುತ್ತಾಳೆ. ‘ಅತ್ತಿಗೆ, ಆಪರೇಷನ್ ಆದ್ಮೇಲೆ ಅಣ್ಣನಿಗೆ ಶಕ್ತಿ ಎಲ್ಲಿರುತ್ತೆ? ಇದಾದ್ರೆ ಹಗುರ. ಕಣ್ಣು ಮಿಟುಕಿಸೋದ್ರಲ್ಲಿ ಆನ್ ಆಗುತ್ತೆ. ಆ ಕರಿಯನ್ನ ಹೊರೋಕೆ ಇನ್ನೊಬ್ಬ ಆಳು ಬೇಕು.’

‘ಹಗುರ ಅಂತ ಕೈಜಾರಿದ್ರೆ?’ ಎಂದಳು ಖರೀದಿಯಮ್ಮ.

‘ಭಾರ ಅಂತ ಕೈಜಾರಿದ್ರೆ?’ ಎಂದಳು ನಾದಿನಿ.

ಖರೀದಿಯಮ್ಮನಿಗೆ ಅದೂ ಸರಿ ಎನಿಸಿತು. ಸ್ಕ್ರೀನು ಬಗ್ಗಿಸಿ ನೋಡಿದಳು: ಕರಿಯನ ಕೀಲು ಬಿಗಿ, ಬೆಳ್ಳಿಯದು ನಯ. ಬ್ಯಾಟರಿ ಕರಿಯನದು ಬೆಳಗಿನಿಂದ ಸಂಜೆಯವರೆಗೆ ಬರುತ್ತದೆ. ಸ್ಪೀಕರು ಕರಿಯನಿಗೆ ಮೇಲ್ಮುಖ, ಕೀಬೋರ್ಡಿನ ಎರಡು ಕಡೆ; ಬೆಳ್ಳಿಗೆ ಹೊಟ್ಟೆಯ ಕೆಳಗೆ, ತೊಡೆಯ ಮೇಲಿಟ್ಟುಕೊಂಡರೆ ಬಾಯಿಗೆ ಬಟ್ಟೆ ತುರುಕಿದಂತೆ. ಕಾರ್ಖಾನೆಗಾದರೆ ಇಷ್ಟು ಸಾಕಿತ್ತು. ಇಲ್ಲಿ ಸಾಕಾಗಲಿಲ್ಲ. ಎರಡು ಬೆರಳು ಚಾಚಿ ಒಂದನ್ನು ಮುಟ್ಟು ಎಂದಾಗ ತಬ್ಬಿಬ್ಬಾಗುವ ಮಗುವಿನ ಹಾಗೆ ಒದ್ದಾಡಿದಳು. ಇವತ್ತು ಕರಿಯ ಎಂದವಳು ನಾಳೆ ಬೆಳ್ಳಿ ಎನ್ನುತ್ತಿದ್ದಳು.

‘ಆರಿಸೋವರೆಗೂ ಇವೆರಡರಲ್ಲೂ ಏನೂ ಹಾಕಬೇಡಿ’ ಎಂದು ಗಂಡನಿಗೆ ಕಟ್ಟಪ್ಪಣೆ ಮಾಡಿದಳು. ‘ಇವು ಸ್ಯಾಂಪಲ್ಲು. ಎರಡೂ ನೀರು ಕುಡಿಯೋವೇ. ಅಲ್ಲಿವರೆಗೆ ಫೋನಲ್ಲೇ ರೆಕಾರ್ಡ್ ಮಾಡಿ, ಆಮೇಲೆ ಹಾಕ್ಕೊಳ್ಳೋಣ. ಈಗ ಶುರು ಮಾಡಿ. ನೀರು ಬೇಕು ಅನ್ನಿ.’

‘ನೀರೇ ಬೇಡ ನನಗೆ.’

‘ರೀ!’

‘ಆಮೇಲೆ ಆಮೇಲೆ. ಹೆದರಬೇಡ್ವೇ, ನಾನಿದ್ದೀನಲ್ಲ’ ಎಂದು ಅವನು ಕರಿಯನನ್ನು ಕಂಕುಳಲ್ಲಿ ಇರುಕಿಕೊಂಡ. ‘ಇದನ್ನ ಮಾರ್ಕೆಟ್ಟಿಗೆ ತಗೊಂಡು ಹೋಗ್ತೀನಿ. ದಿನದ ಬಳಕೆಗೆ ಹೇಗೆ ಅಂತ ಅಲ್ಲೇ ಗೊತ್ತಾಗೋದು.’

ಕೂಗುವ ಕೆಲಸ ಹೋದ ಮೇಲೆ ದಿನದ ದರಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ ಕೊಡುತ್ತೇವೆಂದು ಮಾರುಕಟ್ಟೆಯವರು ಹೇಳಿದ್ದರು. ಹಾಗಾಗಿ ಅವಳಿಗೆ ಅದು ಸರಿಯಾಗಿಯೇ ಕಂಡಿತು. ದಿನಾ ಬೆಳಿಗ್ಗೆ ಕರಿಯ ಮಾರುಕಟ್ಟೆಗೆ ಹೋಗಿ ಮಣ್ಣು ಮೆತ್ತಿಕೊಂಡು ಬರುತ್ತಿದ್ದ. ಅವಳು ಸಂಜೆ ಅದರ ಮೈ ಒರೆಸುತ್ತ, ‘ಇವತ್ತಾದ್ರೂ ಒಂದು ಮಾತು ರೆಕಾರ್ಡ್ ಮಾಡಿ’ ಎಂದು ಗೋಗರೆಯುತ್ತಿದ್ದಳು. ಅವನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಹೆಂಡತಿ ಎದುರಿಗೆ ಕೂತು ನೋವಾಗ್ತಿದೆ ಅನ್ನು, ನೀರು ಬೇಕು ಅನ್ನು ಎಂದರೆ ಅವನ ಬಾಯಿಗೆ ಬೀಗ ಬೀಳುತ್ತಿತ್ತು. ಹೀಗೇ ದಿನ ಕಳೆದವು. ಒಂದು ಬೆಳಿಗ್ಗೆ ಎದ್ದವನು ಏನೋ ಹೇಳಲು ಬಾಯಿ ತೆರೆದರೆ, ಮರಳಿನ ಮೇಲೆ ಚಪ್ಪಲಿ ಎಳೆದಂಥ ಸದ್ದು ಬಂತು. ಬಿಸಿನೀರು, ವಿಶ್ರಾಂತಿ, ಔಷಧಿ, ಯಾವುದಕ್ಕೂ ದನಿ ತಿರುಗಿ ಬರಲಿಲ್ಲ. ಗಂಟು ಬೆಳೆದಿತ್ತು.

ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಒಂದೇ ಒಂದು ಮಾತನ್ನೂ ಉಳಿಸಿಕೊಳ್ಳಲಿಲ್ಲವಲ್ಲ ಈ ಮನುಷ್ಯ! ಅವನ ಮೇಲಿನ ಸಿಟ್ಟು, ತನ್ನ ಮೇಲಿನ ಸಿಟ್ಟು, ಎರಡರ ಕೆಳಗೂ ಭಯ. ಭಯಕ್ಕೆ ಅವಳ ಮನೆಯಲ್ಲಿ ಯಾವಾಗಲೂ ಜಾಗವಿತ್ತು, ಈಗ ಅದು ಹಾಸಿಗೆ ಬಿಚ್ಚಿಕೊಂಡು ಮಲಗಿತು.

ಆಪರೇಷನ್ ಇನ್ನೂ ದೂರವಿದೆ ಎಂದುಕೊಂಡಿರುವಾಗ, ಒಂದು ಮಧ್ಯಾಹ್ನ ಕಾರ್ಖಾನೆಗೇ ಆಸ್ಪತ್ರೆಯಿಂದ ಫೋನು ಬಂತು. ಕಾಯುವುದು ಬೇಡ ಎಂದಿದ್ದಾರೆ, ಇವತ್ತು ಸಂಜೆಯೇ ಬಂದು ಸೇರಿ, ನಾಳೆ ಬೆಳಿಗ್ಗೆ ಆಪರೇಷನ್. ಫೋನಿಟ್ಟ ಮೇಲೆ ಅವಳಿಗೆ ತಾನು ಎಲ್ಲಿ ನಿಂತಿದ್ದೇನೆ ಎನ್ನುವುದೇ ಮರೆಯಿತು. ಮೇಜಿನ ಮೇಲೆ ಕರಿಯ, ಬೆಳ್ಳಿ ಎರಡೂ ಇದ್ದವು. ಗಂಡ ಮಾರುಕಟ್ಟೆಗೆ ಹೋಗುವುದನ್ನು ಬಿಟ್ಟ ಮೇಲೆ ಅವಳೇ ಆ ಬೆಳಿಗ್ಗೆ ವಾಪಸ್ಸು ತಂದಿದ್ದಳು. ನಾಳೆಯಿಂದ ತನಗೆ ಆಸ್ಪತ್ರೆಯೇ ಮನೆ. ಅವನು ಎದ್ದು ಕೂರುವ ಹೊತ್ತಿಗೆ ಟೈಪು ಮಾಡಿ ಮಾತಾಡಲು ಒಂದು ಒಳ್ಳೆಯ ಯಂತ್ರವಾದರೂ ಕೈಯಲ್ಲಿರಬೇಕು. ದನಿಯಂತೂ ಕೈತಪ್ಪಿತು, ಇದೂ ತಪ್ಪಬಾರದು. ಇವತ್ತೇ ಆರಿಸಬೇಕು, ಈಗಲೇ. ಬೇರೆ ಯಾರಾದರೂ ಆಗಿದ್ದರೆ ಆ ಹೊತ್ತಿನಲ್ಲಿ ಚೀಲ ಹೆಗಲಿಗೇರಿಸಿ ಮನೆಗೆ ಓಡುತ್ತಿದ್ದರು. ಅವಳು ಕೂಲರಿನಿಂದ ಎರಡು ಲೋಟ ನೀರು ಹಿಡಿದುಕೊಂಡು ಬಂದಳು.

ಎರಡನ್ನೂ ಆನ್ ಮಾಡಿ ಮೊದಲು ಬೆಳ್ಳಿಯ ಮೇಲೆ ಸುರಿದಳು. ಚುರ್ ಎಂದು ಸಣ್ಣ ಸದ್ದು, ಸುಟ್ಟ ವಾಸನೆ, ಸ್ಕ್ರೀನು ಕತ್ತಲೆ. ಬೆಳ್ಳಿಯ ಕತೆ ಮುಗಿಯಿತು. ಆಮೇಲೆ ಕರಿಯ. ಕೀಬೋರ್ಡಿನ ಮೇಲೆ ನೀರು ಹರಡಿತು, ಕೆಳಗಿನ ತೂತುಗಳಿಂದ ತೊಟ್ಟಿಕ್ಕಿತು. ಸ್ಕ್ರೀನು ಉರಿಯುತ್ತಲೇ ಇತ್ತು. ಭಲೇ ಎನ್ನುವಷ್ಟರಲ್ಲಿ ಅದೂ ಒಮ್ಮೆ ನಡುಗಿ ಆರಿಹೋಯಿತು. ಅವಳು ಅಭ್ಯಾಸದಂತೆ ಎರಡನ್ನೂ ಬೋರಲು ಹಾಕಿ, ಟವೆಲ್ಲಿನ ಮೇಲೆ ನಿಲ್ಲಿಸಿ, ‘ಒಣಗಲಿ, ನಾಡಿದ್ದು ಯಾರಾದ್ರೂ ಆನ್ ಮಾಡಿ ನೋಡಿ ನನಗೆ ಹೇಳಿ’ ಎಂದು ಹೊರಟಳು.

ಮನೆಯಲ್ಲಿ ಗಂಡ ಚೀಲಕ್ಕೆ ಬಟ್ಟೆ ತುಂಬುತ್ತಿದ್ದ. ನಾದಿನಿ ಟವೆಲ್ಲು ಮಡಿಸಿ ಕೊಡುತ್ತಿದ್ದಳು. ಅವನು ಕಪಾಟು, ಹಾಸಿಗೆ, ಅಡುಗೆಮನೆ ಎಲ್ಲ ಇಣುಕಿ ಬಂದು, ಗೊಗ್ಗರು ದನಿಯಲ್ಲಿ ಕೇಳಿದ: ‘ಕರಿಯ ಎಲ್ಲಿ?’

‘ಕಾರ್ಖಾನೇಲಿ.’

‘ತರಲಿಲ್ವಾ?’

‘ಅದ್ಯಾಕೀಗ? ಹಲ್ಲುಜ್ಜೋ ಬ್ರಶ್ ಹಾಕ್ಕೊಂಡ್ರಾ ನೋಡಿ.’

ಅವನು ಮಂಚದ ಮೇಲೆ ಕೂತ. ಉಸಿರು ಎಳೆದು ಎಳೆದು, ಒಂದೊಂದೇ ಮಾತಾಗಿ ಹೇಳಿದ. ಹೇಳಿದ್ದೆಲ್ಲ ಮಾಡಿಟ್ಟಿದ್ದೇನೆ. ಡಾಕ್ಟರಮ್ಮ ಹೇಳಿದ ಎಲ್ಲ ಮಾತೂ. ದಿನಾ ಬೆಳಿಗ್ಗೆ ಲಾರಿ ಖಾಲಿಯಾಗುವವರೆಗೆ ಡ್ರೈವರನ ಕ್ಯಾಬಿನ್ನಿನಲ್ಲಿ ಗಾಜು ಏರಿಸಿಕೊಂಡು ಕೂತು, ಕರಿಯನೊಳಗೆ. ದನಿ ಚೆನ್ನಾಗಿದ್ದಾಗಲೇ. ನೀನು ಹೇಗೂ ಕೊನೆಗೆ ಅದನ್ನೇ ಆರಿಸ್ತೀಯ ಅಂತ ಗೊತ್ತಿತ್ತು, ನೀರು ಹಾಕೋ ಮುಂಚೆ ಹೇಳಿದ್ರಾಯ್ತು ಅಂದ್ಕೊಂಡಿದ್ದೆ. ನಿನ್ನೆದುರು ಹೇಳೋಕೆ ನಾಚಿಕೆ ಆಗ್ತಿತ್ತು ಕಣೇ.

ಹೋಗಿಯೇ ಹೋಯಿತು ಎಂದುಕೊಂಡಿದ್ದ ದನಿ ಇತ್ತು. ಇತ್ತು, ಮತ್ತು ಈಗ ತಾನೇ ಅವಳು ಅದರ ಮೇಲೆ ಕೈಯಾರೆ ಒಂದು ಲೋಟ ನೀರು ಹೊಯ್ದು ಬಂದಿದ್ದಳು.

‘ಅತ್ತಿಗೆ, ಯಾಕೆ ಹಾಗ್ ನಿಂತ್ರಿ?’ ಎಂದು ನಾದಿನಿ ಒಂದು ಕಿವಿಯ ಇಯರ್‌ಫೋನ್ ತೆಗೆದಳು.

‘ನೀವಿಬ್ಬರೂ ಆಸ್ಪತ್ರೆಗೆ ಹೊರಡಿ, ನಾನು ಬಂದೆ’ ಎಂದವಳೇ ಅವಳು ಮೆಟ್ಟಿಲಿಳಿದು ಓಡಿದಳು. ಬಾಗಿಲು ಎಳೆದು ನೋಡಲು ಮತ್ತೆ ಹತ್ತಿ ಬರಲಿಲ್ಲ. ಕಾರ್ಖಾನೆಯಿಂದ ಆಸ್ಪತ್ರೆಯವರೆಗೆ ಟ್ಯಾಕ್ಸಿಯಲ್ಲಿ ಕರಿಯನನ್ನು ಬೋರಲಾಗಿ ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ಪ್ರತಿ ಕುಲುಕಿಗೂ ಜೀವ ಬಾಯಿಗೆ ಬಂದಂತೆ ಕೂತಿದ್ದಳು. ಸೀರೆಯ ಮೇಲೆ ಒಂದು ತೊಟ್ಟು ನೀರು ಬಿತ್ತು. ಅವಳು ಅದನ್ನು ಒರೆಸಿದಳು, ಇನ್ನೊಂದು ಬಿತ್ತು. ಎಷ್ಟು ನೀರು ಕುಡಿದಿದೆಯೋ!

ದಾರಿಯಿಂದಲೇ ಡೀಲರಿಗೆ ಫೋನು ಹಚ್ಚಿದಳು. ಆದದ್ದನ್ನೆಲ್ಲ ಹೇಳಿ ಕೇಳಿದಳು:

‘ಒಳಗಿರೋದನ್ನ ಬಿಚ್ಚಿ ಬೇರೆ ಕಡೆ ಹಾಕ್ಕೊಳ್ಳೋಕೆ ಆಗಲ್ವಾ?’

‘ಈ ಮಾಡೆಲ್ಲಲ್ಲಿ ಆಗಲ್ಲ ಮೇಡಂ. ಬೋರ್ಡಿಗೇ ಬೆಸೆದಿರ್ತಾರೆ. ಬೋರ್ಡ್ ಉಳಿದ್ರೆ ಎಲ್ಲ ಉಳೀತು, ಬೋರ್ಡ್ ಸುಟ್ರೆ ಎಲ್ಲ ಹೋಯ್ತು.’

‘ಆನ್ ಮಾಡಿ ನೋಡ್ಲಾ?’

‘ಅಯ್ಯೋ, ದಮ್ಮಯ್ಯ, ಮುಟ್ಟಬೇಡಿ! ಒಳಗೆ ಒಂದು ಹನಿ ಇದ್ರೂ ಬಟನ್ ಒತ್ತಿದ ತಕ್ಷಣ ಸುಡುತ್ತೆ. ಎರಡು ದಿನನಾದ್ರೂ ಒಣಗಲಿ. ನಿಮಗೆ ಗೊತ್ತಿರೋದೇ ಅಲ್ವಾ.’

ಗೊತ್ತಿತ್ತು. ಅವಸರ ಮಾಡಿ ಒತ್ತಿದವು ಎಷ್ಟು ಸತ್ತಿದ್ದವೆಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಕಾದವುಗಳಲ್ಲೂ ಎಲ್ಲವೂ ಬದುಕಿರಲಿಲ್ಲ.

ಆಸ್ಪತ್ರೆಯ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಕಿಟಕಿಯಾಚೆ ವಾಹನ ನಿಲ್ಲಿಸುವ ಜಾಗ. ಕಿಟಕಿಯ ಅಂಚಿನಲ್ಲಿ, ಗಾಳಿ ಆಡುವ ಕಡೆ, ಅವಳು ಕರಿಯನನ್ನು ಬೋರಲಾಗಿ ನಿಲ್ಲಿಸಿದಳು. ಗಂಡ ಆಸ್ಪತ್ರೆಯ ಅಂಗಿ ತೊಟ್ಟು ಕೂತಿದ್ದ. ಅವಳು ಕರಿಯನ ಗತಿ ಹೇಳಿದಳು. ಬೈಯಲಿ, ಕೂಗಾಡಲಿ ಎಂದು ಕಾದಳು. ಬೈಯಲು ಅವನಿಗೆ ದನಿ ಎಲ್ಲಿತ್ತು?

‘ಹಾಕಿ ನೋಡು’ ಎಂದ ಕೊನೆಗೆ.

‘ಈಗ ಒತ್ತಿದ್ರೆ ಸುಟ್ಟೇ ಹೋಗುತ್ತೆ.’

‘ಒತ್ತದಿದ್ರೆ?’

ಒತ್ತದಿದ್ದರೆ, ಒಳಗೆ ದನಿ ಇದೆಯೋ ಇಲ್ಲವೋ ಗೊತ್ತಾಗದೆಯೇ ಅವನು ನಾಳೆ ಒಳಗೆ ಹೋಗಬೇಕು. ಇಲ್ಲವೆಂದಾದರೆ, ಇವತ್ತಿನ ಈ ಗೊಗ್ಗರು ದನಿಯೇ ಕೊನೆಯದು. ನಾಳೆಗೆ ಇದೂ ಇರುವುದಿಲ್ಲ. ಅವಳು ಫೋನು ತೆಗೆದು ಅವನ ಬಾಯಿಯ ಹತ್ತಿರ ಹಿಡಿದಳು.

‘ಇದರಲ್ಲಾದ್ರೂ ಹೇಳಿ. ಹೇಗಿದ್ರೆ ಹಾಗೇ ಇರಲಿ. ನಿಮ್ಮ ಕಾಲಿಗೆ ಬೀಳ್ತೀನಿ.’

ಅವನು ಬಾಯಿ ತೆರೆದ. ‘ನೀರು...’ ಎಂದ. ಅದು ಅವನದಾಗಿರಲಿಲ್ಲ, ಗೋಡೆಯಾಚೆ ಯಾರೋ ಮುದುಕ ಕೆಮ್ಮಿದ ಹಾಗಿತ್ತು. ತನ್ನ ದನಿಯನ್ನು ತಾನೇ ಕೇಳಿ ಅವನ ಮುಖ ಕಿವುಚಿತು. ಅವಳ ಕೈಯಿಂದ ಫೋನು ತೆಗೆದು ಮಂಚದ ಮೇಲಿಟ್ಟ.

‘ಇದು ಕಾಯಿಲೆಯ ದನಿ. ನನ್ನದಲ್ಲ. ಇದನ್ನ ಇಟ್ಕೊಂಡು ಏನ್ಮಾಡ್ತೀಯ?’

‘ಏನೋ ಒಂದು ಇರಲಿ ಅಂತ...’

‘ಕರಿಯ ಬದುಕ್ತಾನೆ.’

‘ನಿಮಗೆ ಹೇಗ್ರೀ ಗೊತ್ತು? ನಾನು ನೋಡಿಲ್ವಾ ಎಷ್ಟು ಸತ್ತವು ಅಂತ? ನಿಮ್ಮ ಧೈರ್ಯಕ್ಕಿಷ್ಟು ಬೆಂಕಿ ಹಾಕ! ಸ್ವಲ್ಪನಾದ್ರೂ ಹೆದರಿಕೆ ಅನ್ನೋದು ಇಲ್ವಾ ನಿಮಗೆ?’

ಅವನು ಏನೋ ಹೇಳಲು ಹೋಗಿ ಬಿಟ್ಟ. ಅವಳ ಕೈ ತಟ್ಟಿದ. ತುಟಿಗಳು ಅದೇ ಹಳೆಯ ಮಾತಿಗೆ ಅಲುಗಿದವು, ಹೆದರಬೇಡ್ವೇ ಎಂದು. ಉಸಿರು ಮಾತ್ರ ಬಂತು, ಸದ್ದು ಬರಲಿಲ್ಲ.

ಬೆಳಿಗ್ಗೆ ಅವನನ್ನು ತಳ್ಳುಮಂಚದ ಮೇಲೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚುವ ಮೊದಲು ಅವನು ತಿರುಗಿ ನೋಡಿ, ಕರಿಯನ ಕಡೆ ಕೈ ಮಾಡಿ, ಅದನ್ನು ನೋಡಿಕೋ ಎಂಬಂತೆ ಹುಬ್ಬು ಕುಣಿಸಿದ. ಹೊರಗಿನ ಬೆಂಚಿನ ಮೇಲೆ ಅವಳು, ನಾದಿನಿ, ನಡುವೆ ಬೋರಲು ಬಿದ್ದ ಕರಿಯ. ಯಾರೋ ಬಂದು ‘ಸ್ವಲ್ಪ ಇದನ್ನ ತೆಗೀರಿ, ಕೂತ್ಕೋತೀನಿ’ ಎಂದರೆ ಖರೀದಿಯಮ್ಮ ತಾನೇ ಎದ್ದು ನಿಂತಳು.

‘ಅತ್ತಿಗೆ, ಬದುಕುತ್ತಲ್ವಾ?’ ಎಂದಳು ನಾದಿನಿ. ಎರಡೂ ಕಿವಿಯ ಇಯರ್‌ಫೋನ್ ತೆಗೆದಿದ್ದಳು.

ಯಾವುದರ ಬಗ್ಗೆ ಕೇಳಿದಳೋ. ಅವಳು ‘ಹೂಂ’ ಎಂದಳು. ಕಂಪನಿಗಳ ಕಾಗದದಲ್ಲಿ ಅಚ್ಚಾಗಿರುವುದೆಲ್ಲ ಅವಳಿಗೆ ನೆನಪಿಗೆ ಬರುತ್ತಿತ್ತು: ಗಟ್ಟಿ ಮೈ, ನೀರು ತಡೆಯುವ ಕೀಬೋರ್ಡು, ವರ್ಷಗಟ್ಟಲೆ ಬಾಳಿಕೆ. ಅದನ್ನು ಯಾವತ್ತೂ ನಂಬಿದವಳಲ್ಲ. ಆ ಬೆಂಚಿನ ಹತ್ತಿರ ನಿಂತು ಅದರ ಒಂದೊಂದು ಅಕ್ಷರವನ್ನೂ ನಂಬಲು ಹೆಣಗಿದಳು.

ಮಧ್ಯಾಹ್ನ ದಾಟಿದ ಮೇಲೆ ಸರ್ಜನ್ ಹೊರಗೆ ಬಂದು, ಎಲ್ಲ ಸರಿಯಾಗಿ ಆಯಿತು, ಗಂಟನ್ನು ಪೂರ್ತಿ ತೆಗೆದಿದ್ದೇವೆ ಎಂದರು. ನಾದಿನಿ ಅಳುತ್ತ ಅತ್ತಿಗೆಯನ್ನು ತಬ್ಬಿಕೊಂಡಳು. ಖರೀದಿಯಮ್ಮನಿಗೆ ಹೋದ ಜೀವ ಅರ್ಧ ಬಂದಂತಾಯಿತು. ಉಳಿದರ್ಧ ಇನ್ನೂ ಬೋರಲು ಮಲಗಿ ಒಣಗುತ್ತಿತ್ತು.

ಮಾರನೆಯ ದಿನ ಅವನನ್ನು ವಾರ್ಡಿಗೆ ತಂದರು. ಕುತ್ತಿಗೆಗೆ ಬಿಳಿ ಕಟ್ಟು, ಅದರ ನಡುವೆ ಉಸಿರಾಡಲು ಮಾಡಿದ ತೂತು, ಮೂಗಿನಲ್ಲಿ ನಳಿಕೆ. ಪ್ರತಿ ಉಸಿರಿಗೂ ಕುತ್ತಿಗೆಯಲ್ಲಿ ಸಣ್ಣ ಸಿಳ್ಳು. ಅವಳು ಬಾಗಿಲಲ್ಲೇ ಒಮ್ಮೆ ಗೋಡೆ ಹಿಡಿದುಕೊಂಡು ಆಮೇಲೆ ಒಳಗೆ ಬಂದಳು. ಅವನು ಕಣ್ಣು ತೆರೆದು ಅವಳನ್ನು ನೋಡಿದ. ಮೊದಲ ಕೆಲಸ ಎಂದರೆ ಬೆರಳಿನಿಂದ ಗಾಳಿಯಲ್ಲಿ ಬಟನ್ ಒತ್ತಿ ತೋರಿಸಿದ್ದು.

‘ಇನ್ನೂ ಒಂದು ದಿನ ಒಣಗಲಿ’ ಎಂದಳು.

ಅವನು ಮತ್ತೆ ಬೆರಳು ಒತ್ತಿದ.

‘ಎರಡು ದಿನ ಆಯ್ತಲ್ಲ ಅತ್ತಿಗೆ’ ಎಂದಳು ನಾದಿನಿ.

ಆಗಿತ್ತು. ಯಂತ್ರ ಒಣಗಿತ್ತು, ಬೇಡವೆನ್ನಲು ಅದು ಕಾರಣವಾಗಿರಲಿಲ್ಲ. ಒತ್ತುವವರೆಗೆ ಅವನ ದನಿ ಒಳಗಿದೆ ಎಂದು ಅಂದುಕೊಳ್ಳಬಹುದಿತ್ತು. ಹೇಗೂ ಕೆಡುವುದನ್ನು ತಾನೇ ಮೊದಲು ಕೆಡಿಸಿ ನೋಡುತ್ತಿದ್ದ ಹೆಂಗಸು, ಆ ಒಂದು ಬಟನ್ ಒತ್ತಲಾರದೆ ಕರಿಯನನ್ನು ಎದೆಗೆ ಅವಚಿಕೊಂಡು ನಿಂತಳು. ಅವನು ಕೈ ಚಾಚಿದ. ಸೂಜಿ ಚುಚ್ಚಿದ್ದ ಕೈ, ಊದಿಕೊಂಡಿತ್ತು. ಅವಳು ಕೊಡಲೇಬೇಕಾಯಿತು.

ಅವನು ತೊಡೆಯ ಮೇಲಿಟ್ಟುಕೊಂಡು ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿ ಹಿಡಿದ. ಒಳಗೆ ಎಲ್ಲೋ ಫ್ಯಾನು ತಿರುಗಿದ ಸದ್ದು ಬಂತು, ಸ್ಕ್ರೀನು ಬೆಳಗಿತು.

‘ಬಂತು! ಅಣ್ಣ, ಬಂತು!’ ನಾದಿನಿ ಕುಣಿದಳು. ಪಕ್ಕದ ಮಂಚದವರು ತಿರುಗಿ ನೋಡಿದರು.

ಅವನು ಬೆರಳಾಡಿಸಿ ಎಲ್ಲೋ ಹುಡುಕಿ, ಒಂದು ಕಡೆ ಒತ್ತಿದ. ಸ್ಪೀಕರಿನಿಂದ ಕರಕರ ಸದ್ದು ಬಂತು. ಮರಳ ಮೇಲೆ ಚಪ್ಪಲಿ ಎಳೆದಂತೆ. ಅದರ ಅಡಿಯಲ್ಲಿ ಮಾತಿತ್ತೋ ಇಲ್ಲವೋ ತಿಳಿಯುವಂತಿರಲಿಲ್ಲ. ಇನ್ನೊಂದು ಒತ್ತಿದ. ಅದೇ ಕರಕರ. ಕಾಯಿಲೆಯವನ ಗಂಟಲೇ ಇದಕ್ಕೂ ಅಂಟಿಕೊಂಡಿತ್ತು.

‘ನಾನೇ ಕೊಂದೆ’ ಎಂದಳು ಖರೀದಿಯಮ್ಮ. ‘ನಾನೇ ಕೊಂದೆ ಕಣ್ರೀ.’ ಮಂಚದ ಸರಳು ಹಿಡಿದು ಕೂತುಬಿಟ್ಟಳು.

ಅವನು ತಲೆ ಅಲ್ಲಾಡಿಸಲು ಹೋಗಿ, ಕಟ್ಟು ಎಳೆದು, ನೋವಿನಿಂದ ಕಣ್ಣು ಮುಚ್ಚಿದ. ಆಮೇಲೆ ಕೈಯಾಡಿಸಿ ತಂಗಿಯ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಇಯರ್‌ಫೋನ್ ತೋರಿಸಿದ. ನಾದಿನಿಗೆ ಅರ್ಥವಾಗಲು ತಡವಾಯಿತು. ಅರ್ಥವಾದದ್ದೇ ಬಿಚ್ಚಿ ಕೊಟ್ಟಳು. ಅವನು ತಂತಿಯ ತುದಿಯನ್ನು ಕರಿಯನ ಪಕ್ಕೆಗೆ ಸಿಕ್ಕಿಸಿ, ಹೆಂಡತಿಯನ್ನು ಹತ್ತಿರ ಕರೆದು, ಅವಳ ಕೂದಲು ಹಿಂದಕ್ಕೆ ಸರಿಸಿ, ಒಂದನ್ನು ಈ ಕಿವಿಗೆ, ಒಂದನ್ನು ಆ ಕಿವಿಗೆ ಇಟ್ಟ. ಮೊದಲಿನ ಜಾಗದಲ್ಲೇ ಒತ್ತಿದ.

‘ಲೇ ಇವಳೇ! ನೀರು ಬೇಕು!’

ಅವಳು ಬೆಚ್ಚಿಬಿದ್ದಳು. ಲಾರಿ, ತಳ್ಳುಗಾಡಿ, ನೂರು ಜನರ ಮೇಲೆ ಏಳುವ ಅದೇ ದನಿ, ಎಳ್ಳಷ್ಟೂ ಕೆಟ್ಟಿರಲಿಲ್ಲ. ನೀರು ಸ್ಪೀಕರನ್ನು ಮಾತ್ರ ತಿಂದಿತ್ತು. ಸ್ಪೀಕರೇನು, ಡೀಲರ್ ನಾಳೆಯೇ ಬೇರೆ ಹಾಕುತ್ತಾನೆ. ಅವಳು ಅಳುತ್ತ ನಗುತ್ತ ತಲೆಯಾಡಿಸಿದಳು, ಇದೆ, ಎಲ್ಲ ಇದೆ ಎಂದು. ಅವನು ಇನ್ನೊಂದು ಒತ್ತಿದ. ‘ಕಿಟಕಿ ತೆಗಿ, ನಿನ್ನ ಅಡುಗೆ ಸೀದಿದೆ!’ ಅವಳು ಅವನ ತೋಳಿಗೆ ಮೆತ್ತಗೆ ಒಂದು ಹೊಡೆದಳು. ಅವನ ಭುಜ ಕುಲುಕಿತು. ಕುತ್ತಿಗೆಯ ತೂತಿನಿಂದ ಗಾಳಿ ಬಂತು, ನಗುವಿನ ಸದ್ದು ಬರಲಿಲ್ಲ. ಆ ಸದ್ದಿಲ್ಲದ್ದು ಅವನಿಗೂ ತಿಳಿಯಿತು. ನಗು ಅಲ್ಲಿಗೇ ನಿಂತಿತು.

ಅವನ ಬೆರಳು ಸ್ಕ್ರೀನಿನ ಮೇಲೆ ಕೆಳಕೆಳಗೆ ಹೋಗಿ ಒಂದು ಕಡೆ ನಿಂತಿತು. ಅವನು ಅವಳ ಮುಖ ನೋಡಿದ. ಬೇರೆ ಕಡೆ ನೋಡಿದ. ಆಮೇಲೆ ಒತ್ತಿದ.

ಈ ಸಲ ದನಿ ದೊಡ್ಡದಾಗಿರಲಿಲ್ಲ. ಗಾಜು ಏರಿಸಿದ ಕ್ಯಾಬಿನ್ನಿನಲ್ಲಿ, ಯಾರಿಗೂ ಕೇಳಿಸದ ಹಾಗೆ ಹೇಳಿದ್ದು. ಮೊದಲು ಒಂದು ಉಸಿರು, ಆಮೇಲೆ ಮಾತು.

‘ನನಗೆ ಹೆದರಿಕೆ ಆಗ್ತಿದೆ ಕಣೇ.’

ಇಷ್ಟು ವರ್ಷದ ಸಂಸಾರದಲ್ಲಿ ಅವಳು ಆ ದನಿಯನ್ನು ಕೇಳಿಯೇ ಇರಲಿಲ್ಲ.

‘ಏನಂದ ಅಣ್ಣ?’ ಎಂದು ನಾದಿನಿ ಬಗ್ಗಿ ಕೇಳಿದಳು.

‘ಚಳಿ ಆಗ್ತಿದೆಯಂತೆ. ನರ್ಸನ್ನ ಕೇಳಿ ಇನ್ನೊಂದು ಹೊದಿಕೆ ತಗೊಂಡು ಬಾ ಹೋಗು’ ಎಂದಳು.

ನಾದಿನಿ ಹೋದಳು. ಖರೀದಿಯಮ್ಮ ಇಯರ್‌ಫೋನ್ ತೆಗೆಯಲಿಲ್ಲ. ಸೂಜಿ ಚುಚ್ಚಿದ ಅವನ ಕೈಯನ್ನು ತನ್ನ ಎರಡು ಕೈಗಳ ನಡುವೆ ತೆಗೆದುಕೊಂಡಳು. ಅವಳು ಅವನ ಕಿವಿಯ ಹತ್ತಿರ ಬಗ್ಗಿ ಹೇಳಿದಳು:

‘ಹೆದರಬೇಡಿ. ನಾನಿದ್ದೀನಲ್ಲ.’